ಎರಡು ಬೆರಳಿನ ಮಗ್ಗ

ಸಣ್ಣ ಸಣ್ಣ ರಬ್ಬರ್ ಬ್ಯಾಂಡ್‌ಗಳನ್ನು ಒಂದರೊಳಗೊಂದು ಸಿಕ್ಕಿಸುತ್ತ ಹೋಗಿ ಕೈಗೆ ತೊಡುವ ಪಟ್ಟಿಯನ್ನು ಮಾಡಿಕೊಳ್ಳುವ ಹವ್ಯಾಸವು 2013 ಮತ್ತು 2014ರಲ್ಲಿ ಅಮೆರಿಕ, ಬ್ರಿಟನ್‌ಗಳ ಶಾಲೆಗಳಿಂದ ಹಿಡಿದು ಮಲೆನಾಡಿನ ಮನೆಗಳ ಜಗುಲಿಯವರೆಗೆ ಮಕ್ಕಳಿಗೆ ಅಂಟಿಕೊಂಡ ಗೀಳಾಗಿತ್ತು. ಅದನ್ನು ಸಾಮಾನ್ಯವಾಗಿ ಒಂದು ಆಟಿಕೆಯ ವ್ಯಾಪಾರ ಗೆದ್ದ ಕಥೆಯಾಗಿ ಹೇಳುವುದು ರೂಢಿ. ಆದರೆ ಆ ಆಟಿಕೆ ಕೈಗೆ ಸಿಗದ ಮಕ್ಕಳು ಪೆನ್ಸಿಲು, ಫೋರ್ಕು, ಬಾಚಣಿಗೆ ಮತ್ತು ತಮ್ಮವೇ ಬೆರಳುಗಳನ್ನು ಬಳಸಿ ಅದೇ ಪಟ್ಟಿಯನ್ನು ಮಾಡಿಕೊಂಡ ಇನ್ನೊಂದು ಕಥೆಯೂ ಉಂಟು. ಅದನ್ನು 2014ರ ಮಳೆಗಾಲದಲ್ಲಿ ಸಾಗರ ಪಟ್ಟಣದ ಬಳಿಯ ಒಂದು ಮನೆಯಲ್ಲಿ ಈ ಲೇಖಕಿ ಕಂಡಷ್ಟರ ಮಟ್ಟಿಗೆ ಇಲ್ಲಿ ನೆನೆಯಲಾಗಿದೆ. ಎರಡನೆಯ ಕಥೆಯ ಬೇರು ಮೊದಲನೆಯದರಲ್ಲೇ ಇರುವುದರಿಂದ ಆಟಿಕೆಯ ಹುಟ್ಟನ್ನು ಮೊದಲು ನೋಡಬೇಕಾಗುತ್ತದೆ.

ರೇನ್‌ಬೋ ಲೂಮ್ ಎಂಬ ಆ ಆಟಿಕೆಯನ್ನು ರೂಪಿಸಿದ ಚೋಂಗ್ ಚೂನ್ ಇಂಗ್ ಮಲೇಷ್ಯಾದ ಚೀನೀ ಮೂಲದವರು. 1991ರಲ್ಲಿ ಓದಿಗಾಗಿ ಅಮೆರಿಕಕ್ಕೆ ಹೋಗಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿತು, ಮಿಷಿಗನ್ ರಾಜ್ಯದ ನೋವೈ ಎಂಬ ಊರಿನಲ್ಲಿ ನೆಲೆಸಿದರು. ನಿಸ್ಸಾನ್ ಕಾರು ಕಂಪನಿಯಲ್ಲಿ ಆಗ ಅವರದು ಅಪಘಾತ ಸುರಕ್ಷತೆಯ ಕೆಲಸ, ಎಂದರೆ ಕಾರನ್ನು ಬೇಕೆಂದೇ ಡಿಕ್ಕಿ ಹೊಡೆಸಿ ಒಳಗೆ ಕೂತವರಿಗೆ ಏನಾದೀತೆಂದು ಅಳೆಯುವ ವಿಭಾಗದ ಕೆಲಸ. 2010ರಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳು ಬೆರಳುಗಳ ಮೇಲೆ ರಬ್ಬರ್ ಬ್ಯಾಂಡ್‌ಗಳನ್ನು ಹಾಕಿಕೊಂಡು ಪಟ್ಟಿ ಮಾಡುತ್ತಿದ್ದುದನ್ನು ನೋಡಿದ ಅವರಿಗೆ, ಬಾಲ್ಯದಲ್ಲಿ ರಬ್ಬರ್ ಬ್ಯಾಂಡ್‌ಗಳನ್ನು ಸರಪಳಿಯಂತೆ ಕೂಡಿಸಿ ಜಿಗಿಯುವ ಹಗ್ಗ ಮಾಡಿದ್ದು ನೆನಪಾಯಿತು. ಆ ಕೈಚಳಕವನ್ನು ಮಕ್ಕಳಿಗೆ ತೋರಿಸಲು ಹೋದಾಗ ದೊಡ್ಡವರ ಬೆರಳುಗಳು ಆ ಪುಟ್ಟ ಬ್ಯಾಂಡ್‌ಗಳಿಗೆ ತೀರ ದಪ್ಪವಾದವು. ಒಂದು ಮರದ ತುಂಡಿಗೆ ಬೋರ್ಡ್ ಪಿನ್‌ಗಳನ್ನು ಸಾಲಾಗಿ ಚುಚ್ಚಿ, ದಂತವೈದ್ಯರು ಬಳಸುವ ಕೊಕ್ಕೆಯೊಂದರಿಂದ ಬ್ಯಾಂಡ್‌ಗಳನ್ನು ಎತ್ತಿ ಹಾಕಿದಾಗ ಕೆಲಸ ಸಲೀಸಾಯಿತು. ಆಮೇಲೆ ಹಲವು ಮಾದರಿಗಳನ್ನು ಮಾಡಿ ಕೈಬಿಟ್ಟು, ಮನೆಯ ಉಳಿತಾಯದ ಸುಮಾರು 10,000 ಡಾಲರುಗಳನ್ನು ತೊಡಗಿಸಿ, ಚೀನಾದಲ್ಲಿ ಅಚ್ಚು ಮಾಡಿಸಿ ತಂದ ಆ ಸಾಧನವನ್ನು ಆಟಿಕೆ ಅಂಗಡಿಗಳು ಮೊದಮೊದಲು ಕೊಳ್ಳಲಿಲ್ಲ. ಹೇಗೆ ಬಳಸುವುದೆಂಬುದೇ ಜನರಿಗೆ ತಿಳಿಯುತ್ತಿರಲಿಲ್ಲ. ಮಾಡುವ ವಿಧಾನವನ್ನು ತೋರಿಸುವ ವಿಡಿಯೊಗಳನ್ನು ಮಕ್ಕಳಿಂದಲೇ ಮಾಡಿಸಿ ಅಂತರ್ಜಾಲಕ್ಕೆ ಹಾಕಿದ ಮೇಲೆ 2012ರಲ್ಲಿ ಅಂಗಡಿಗಳಿಂದ ಬೇಡಿಕೆ ಬರತೊಡಗಿತು. 2013ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು, ಮರುವರ್ಷ ಅಮೆರಿಕದ ಆಟಿಕೆ ಉದ್ಯಮದ ವರ್ಷದ ಪ್ರಶಸ್ತಿಯೂ ಬಂತು.

ಈ ವೃತ್ತಾಂತದಲ್ಲಿ ವ್ಯಾಪಾರದ ಅಂಕಿಗಳಿಗಿಂತ ಗಮನಾರ್ಹವಾದುದು ಆ ದಪ್ಪ ಬೆರಳುಗಳ ವಿಷಯ. ಮಕ್ಕಳು ಬರಿಗೈಯಿಂದ ಮಾಡುತ್ತಿದ್ದುದನ್ನು ಮಾಡಲಾರದ ಒಬ್ಬ ತಂದೆಗಾಗಿ ಹುಟ್ಟಿದ ಸಾಧನವು, ಅದಿಲ್ಲದೆ ಪಟ್ಟಿ ಮಾಡಲಾಗದೆಂಬ ಭಾವನೆಯೊಡನೆ ಮತ್ತೆ ಮಕ್ಕಳಿಗೇ ಮಾರಾಟವಾಯಿತು. ಸಾಧನದಿಂದ ಲಾಭವಿಲ್ಲವೆಂದು ಇದರರ್ಥವಲ್ಲ. ಅದರ ಮೂರು ಸಾಲು ಗೂಟಗಳ ಮೇಲೆ ಹೂವಿನಾಕಾರದ, ನಕ್ಷತ್ರದಾಕಾರದ ಅಗಲ ಪಟ್ಟಿಗಳನ್ನು ಮಾಡಬಹುದು. ಎರಡು ಬೆರಳುಗಳ ಮೇಲೆ ಅವುಗಳನ್ನು ಮಾಡುವುದು ಬಹಳ ಕಷ್ಟ. ಆದರೆ ಬಹುತೇಕ ಮಕ್ಕಳು ದಿನವಿಡೀ ಮಾಡುತ್ತಿದ್ದುದು ಎರಡೇ ಗೂಟ ಸಾಕಾಗುವ ಸರಳ ಪಟ್ಟಿಗಳನ್ನು, ಮತ್ತು ಎರಡು ಗೂಟಗಳು ಯಾವ ಮನೆಯಲ್ಲೂ ಇರುತ್ತವೆ.

ಡೆಟ್ರಾಯಿಟ್ ನಗರದ ಸುತ್ತಲಿನ ನೋವೈ, ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್‌ನಂಥ ಊರುಗಳಲ್ಲಿ ಕಾರು ಉದ್ಯಮವನ್ನು ನೆಚ್ಚಿ ಹೋದ ಕನ್ನಡ ಕುಟುಂಬಗಳು ಕಡಿಮೆಯೇನಿಲ್ಲ, ಅವುಗಳನ್ನು ಕೂಡಿಸುವ ಪಂಪ ಕನ್ನಡ ಕೂಟವೂ ಅಲ್ಲಿದೆ. ಅಂಥದೊಂದು ಕುಟುಂಬದ, ಈ ಲೇಖಕಿಗೆ ತಂಗಿಯ ಮಗಳಾಗಬೇಕಾದ ಹುಡುಗಿ, ಅಲ್ಲಿನ ಶಾಲೆಗಳ ಬೇಸಿಗೆ ರಜೆಯಲ್ಲಿ, ಎಂದರೆ ಇಲ್ಲಿಯ ಜುಲೈ ತಿಂಗಳ ಜಡಿಮಳೆಯಲ್ಲಿ, ಅಜ್ಜಿಯ ಮನೆಗೆ ಬಂದಾಗ ಅವಳ ಪೆಟ್ಟಿಗೆಯಲ್ಲಿ ಒಂದು ರೇನ್‌ಬೋ ಲೂಮ್ ಮತ್ತು ಬಣ್ಣ ಬಣ್ಣದ ಬ್ಯಾಂಡ್‌ಗಳ ಚೀಲಗಳು ಇದ್ದವು. ಇಲ್ಲಿಯ ಮಕ್ಕಳಿಗೆ ಅದು ಶಾಲೆಯ ಕಾಲ. ಆದರೂ ಮಲೆನಾಡಿನಲ್ಲಿ ಹಳ್ಳ ಉಕ್ಕಿ ಹರಿದರೆ ಸಿಗುವ ಮಳೆ ರಜೆ ಎಂಬುದೊಂದು ಇದೆಯಷ್ಟೆ. ಅಂಥ ರಜೆಗಳಲ್ಲಿ ಅಕ್ಕಪಕ್ಕದ ಮನೆಯವರೂ ಸೇರಿ ಜಗುಲಿಯ ಮೇಲೆ ನೆರೆದ ಮಕ್ಕಳ ಗುಂಪಿಗೆ ಇದ್ದದ್ದು ಆ ಒಂದೇ ಲೂಮ್. ಸರದಿಗಾಗಿ ಆರಂಭವಾದ ಜಗಳವು ಹಿರಿಯರ ಕಿವಿಗೆ ಬಿದ್ದಾಗ ಅಜ್ಜಿ ಒಳಗಿನಿಂದಲೇ, "ಎಂಥಕ್ಕೆ ಹೊಡೆದಾಡ್ತೀರೇ? ದೇವರು ಹತ್ತು ಬೆರಳು ಕೊಟ್ಟಿಲ್ವಾ?" ಎಂದು ಗದರಿದ್ದು ಗಲಾಟೆ ನಿಲ್ಲಿಸುವುದಕ್ಕಾಗಿಯೇ ಹೊರತು ಕರಕುಶಲ ವಿದ್ಯೆಯ ಉಪದೇಶವಾಗಿ ಅಲ್ಲ. ಬಂದ ಹುಡುಗಿಗೆ ಮಾತ್ರ ಬೆರಳಿನ ವಿಧಾನ ಗೊತ್ತಿತ್ತು. ಶಾಲೆಯ ಬಸ್ಸಿನಲ್ಲಿ ಲೂಮನ್ನು ತೊಡೆಯ ಮೇಲಿಟ್ಟುಕೊಳ್ಳಲಾಗದಿದ್ದಾಗ ಅವರೆಲ್ಲ ಹಾಗೆಯೇ ಮಾಡುತ್ತಿದ್ದರಂತೆ.

ಆ ವಿಧಾನವನ್ನು ಇಂಗ್ಲಿಷಿನಲ್ಲಿ ಮೀನಿನ ಬಾಲವೆಂಬ ಅರ್ಥದ ಫಿಶ್‌ಟೇಲ್ ಎನ್ನುತ್ತಾರೆ. ಮುಗಿದ ಪಟ್ಟಿಯ ಬದಿಯಲ್ಲಿ ಕುಣಿಕೆಗಳು ಓರೆಯಾಗಿ, ಒಂದರ ಮೇಲೊಂದು ಮಲಗಿದಂತೆ ಕಾಣುವುದರಿಂದ ಆ ಹೆಸರು. ಮಾಡುವ ಕ್ರಮ ಹೀಗೆ: ಎಡಗೈಯ ತೋರುಬೆರಳು ಮತ್ತು ಮಧ್ಯದ ಬೆರಳುಗಳಿಗೆ ಮೊದಲ ಬ್ಯಾಂಡನ್ನು ನಡುವೆ ಒಂದು ಸಲ ತಿರುಚಿ, ಇಂಗ್ಲಿಷ್ ಅಂಕಿ ಎಂಟರ ಆಕಾರದಲ್ಲಿ ಹಾಕಬೇಕು. ಅದರ ಮೇಲೆ ಎರಡು ಬ್ಯಾಂಡ್‌ಗಳನ್ನು ತಿರುಚದೆ ನೇರವಾಗಿ ಹಾಕಬೇಕು. ಈಗ ಮೂರರಲ್ಲಿ ಅತ್ಯಂತ ಕೆಳಗಿರುವ, ತಿರುಚಿದ ಬ್ಯಾಂಡಿನ ಒಂದು ತುದಿಯನ್ನು ತೋರುಬೆರಳಿನಿಂದ ಮೇಲೆತ್ತಿ, ಉಳಿದೆರಡರ ಮೇಲಿಂದ ದಾಟಿಸಿ, ಬೆರಳುಗಳ ನಡುವಿನ ಸಂದಿಗೆ ಬಿಡಬೇಕು. ಮಧ್ಯದ ಬೆರಳಿನ ಕಡೆಯಿಂದಲೂ ಹಾಗೆಯೇ. ಆಗ ಮೊದಲ ಬ್ಯಾಂಡು ಯಾವ ಬೆರಳಿನ ಆಸರೆಯೂ ಇಲ್ಲದೆ, ಮೇಲಿನ ಬ್ಯಾಂಡ್‌ಗಳ ನಡುವಿಗೆ ಕೊರಳಪಟ್ಟಿಯ ಹಾಗೆ ಬಿಗಿದುಕೊಳ್ಳುತ್ತದೆ. ಬೆರಳುಗಳ ಮೇಲೆ ಎರಡೇ ಬ್ಯಾಂಡು ಉಳಿದಿರುವುದರಿಂದ ಮತ್ತೊಂದನ್ನು ಮೇಲೆ ಹಾಕಿ, ಮತ್ತೆ ಕೆಳಗಿನದನ್ನು ಎತ್ತಿ ನಡುವಿಗೆ ಬಿಡಬೇಕು. ಇಷ್ಟೇ ಕ್ರಮವನ್ನು ಮುಂದುವರಿಸುತ್ತ ಹೋದರೆ ಬೆರಳುಗಳ ಹಿಂದಿನಿಂದ ಪಟ್ಟಿಯು ಇಳಿಯತೊಡಗುತ್ತದೆ. ಮಗುವಿನ ಮಣಿಕಟ್ಟಿಗೆ ಸುಮಾರು 50 ಬ್ಯಾಂಡ್‌ಗಳು ಸಾಕಾಗುತ್ತವೆ. ಮೊದಲನೆಯದನ್ನು ಮಾತ್ರ ತಿರುಚುವುದಕ್ಕೆ ಕಾರಣವಿದೆ. ಉಳಿದ ಪ್ರತಿಯೊಂದು ಬ್ಯಾಂಡನ್ನೂ ಅದಕ್ಕಿಂತ ಹಿಂದಿನದು ನಡುವಿನಲ್ಲಿ ಕಟ್ಟಿ ಹಿಡಿಯುತ್ತದೆ. ಮೊದಲನೆಯದಕ್ಕೆ ಹಿಂದೆ ಯಾರೂ ಇಲ್ಲದ ಕಾರಣ ಅದು ತನ್ನನ್ನು ತಾನೇ ಕತ್ತರಿ ಹಾಕಿ ಹಿಡಿದುಕೊಳ್ಳಬೇಕಾಗುತ್ತದೆ.

ಬೆರಳಿನ ವಿಧಾನಕ್ಕಿದ್ದ ಮುಖ್ಯ ತೊಂದರೆ ನೋವು. ಬಿಗಿಯಾದ ಬ್ಯಾಂಡ್‌ಗಳು ಬೆರಳಿನ ತುದಿಗೆ ರಕ್ತ ಹೋಗದಂತೆ ಅಮುಕುವುದರಿಂದ ಅರ್ಧ ಪಟ್ಟಿ ಆಗುವಷ್ಟರಲ್ಲಿ ತುದಿಗಳು ನೇರಳೆ ಬಣ್ಣಕ್ಕೆ ತಿರುಗಿ ಜುಮುಗುಟ್ಟುತ್ತಿದ್ದವು, ಊಟಕ್ಕೆ ಕರೆದಾಗ ಕೈಯಲ್ಲಿದ್ದುದನ್ನು ಇಡಲು ಜಾಗವೂ ಇರುತ್ತಿರಲಿಲ್ಲ. ಈ ಕಾರಣದಿಂದಲೇ ಬೆರಳಿನ ಬದಲಿಗೆ ನಿಲ್ಲಬಲ್ಲ ವಸ್ತುಗಳ ಹುಡುಕಾಟ ಶುರುವಾಯಿತು. ಎರಡು ಪೆನ್ಸಿಲುಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಒಂದು ರಬ್ಬರ್ ತುಂಡನ್ನು, ಎಂದರೆ ಬರೆದುದನ್ನು ಅಳಿಸುವ ರಬ್ಬರನ್ನು, ಸಿಕ್ಕಿಸಿ, ಕೆಳಭಾಗವನ್ನು ಬಿಗಿಯಾಗಿ ಸುತ್ತಿದರೆ ಒಳ್ಳೆಯ ಜೋಡಿ ಗೂಟ ಸಿದ್ಧವಾಗುತ್ತಿತ್ತು. ಆರು ಮೂಲೆಯ ಪೆನ್ಸಿಲಿನ ಮೇಲೆ ಬ್ಯಾಂಡು ಜಾರದೆ ನಿಲ್ಲುತ್ತಿತ್ತು, ಆದರೆ ಎತ್ತುವಾಗ ಬಣ್ಣದ ಲೇಪಕ್ಕೆ ಅಂಟಿಕೊಂಡು ಸತಾಯಿಸುತ್ತಿತ್ತು. ದುಂಡನೆಯ ಬಾಲ್ ಪೆನ್ನಿನ ಮೇಲೆ ಅದು ಸುಲಭವಾಗಿ ಜಾರುತ್ತಿತ್ತು, ಅಷ್ಟೇ ಸುಲಭವಾಗಿ ಬೇಡದಾಗಲೂ ಹಾರಿಹೋಗುತ್ತಿತ್ತು. ಅಗಲ ಹಲ್ಲಿನ ಬಾಚಣಿಗೆಯನ್ನು ಒಬ್ಬಳು ಪ್ರಯತ್ನಿಸಿ ಎರಡು ಹಲ್ಲು ಮುರಿದ ಮೇಲೆ ಅದನ್ನು ಅವಳ ತಾಯಿ ಕಿತ್ತಿಟ್ಟುಕೊಂಡರು.

ಎಲ್ಲಕ್ಕಿಂತ ಮೇಲಾಗಿ ಒದಗಿದ್ದು ಫೋರ್ಕು. ಕೈಯಲ್ಲಿ ಕಲಸಿ ಉಣ್ಣುವ ಆ ಮನೆಯಲ್ಲಿ ಫೋರ್ಕುಗಳು ಯಾವುದೋ ಮದುವೆಯಲ್ಲಿ ಉಡುಗೊರೆಯಾಗಿ ಬಂದು, ಪೆಟ್ಟಿಗೆಯ ಮಖಮಲ್ಲಿನ ಗುಳಿಯಿಂದ ಎದ್ದೇ ಇರಲಿಲ್ಲ. ಅವುಗಳಿಗೆ ಆ ಮನೆಯಲ್ಲಿ ದೊರೆತ ಮೊದಲ ಉದ್ಯೋಗ ಇದೇ ಇರಬೇಕು. ನಾಲ್ಕು ಹಲ್ಲುಗಳು ಒಂದೇ ಅಂತರದಲ್ಲಿ ಗಟ್ಟಿಯಾಗಿ ನಿಂತಿರುವುದರಿಂದಲೂ, ತುದಿಗಳು ಸಪೂರವಾಗಿರುವುದರಿಂದಲೂ ಬ್ಯಾಂಡನ್ನು ಹಾಕುವುದು, ಎತ್ತುವುದು ಎರಡೂ ಸುಲಭ. ನಾಲ್ಕೂ ಹಲ್ಲುಗಳನ್ನು ಬಳಸಿಕೊಂಡರೆ ಎರಡರಷ್ಟು ಅಗಲದ ಪಟ್ಟಿಯೂ ಬರುತ್ತದೆ. ಎತ್ತುವುದಕ್ಕೆ ಅಮ್ಮಂದಿರ ಹೇರ್‌ಪಿನ್ನುಗಳು, ಟೂತ್‌ಪಿಕ್ ಕಡ್ಡಿಗಳು, ಅಜ್ಜಿಯ ಕ್ರೋಶಾ ಕಡ್ಡಿ, ಎಂದರೆ ತುದಿಯಲ್ಲಿ ಕೊಕ್ಕೆಯಿರುವ, ದಾರದಿಂದ ಲೇಸು ಹಾಕುವ ಕಡ್ಡಿ, ಇವೆಲ್ಲ ಬಂದವು.

ಪಕ್ಕದ ಮನೆಯ ಹುಡುಗನೊಬ್ಬ ಇವರೆಲ್ಲರಿಗಿಂತ ಮುಂದೆ ಹೋಗಿ, ಹೆಂಚಿನ ಮಾಡಿಗೆ ಹೊಡೆದು ಉಳಿದಿದ್ದ ರೀಪಿನ ತುಂಡಿಗೆ ಎರಡು ಸಾಲು ಮೊಳೆ ಹೊಡೆದ. ಮೊಳೆಯ ತಲೆಗೆ ಬ್ಯಾಂಡು ಸಿಕ್ಕಿಕೊಂಡು ಹರಿಯತೊಡಗಿದಾಗ ಅವುಗಳನ್ನು ಕಿತ್ತು, ಹಳೆಯ ಸೈಕಲ್ ಚಕ್ರದ ಕಡ್ಡಿಗಳನ್ನು ಇಕ್ಕುಳದಿಂದ ಕತ್ತರಿಸಿ, ತುದಿಗಳನ್ನು ಕಲ್ಲಿನ ಮೇಲೆ ಉಜ್ಜಿ ನುಣುಪು ಮಾಡಿ ಅಲ್ಲಿ ನೆಟ್ಟ. ಮಿಷಿಗನ್ನಿನ ಎಂಜಿನಿಯರರು ಮರದ ತುಂಡಿಗೆ ಬೋರ್ಡ್ ಪಿನ್ ಚುಚ್ಚಿ ಆರಂಭಿಸಿದ್ದರೆಂಬುದು ಅವನಿಗೂ ಆಗ ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ.

ಗೂಟಗಳ ನಡುವಿನ ಅಂತರ ಒಬ್ಬೊಬ್ಬರಲ್ಲಿ ಒಂದೊಂದು ರೀತಿಯಾಗಿದ್ದರೂ ಎಲ್ಲರ ಪಟ್ಟಿಗಳೂ ಬಹುಮಟ್ಟಿಗೆ ಒಂದೇ ಬಗೆಯಾಗಿ ಬಂದದ್ದು ಆಗ ಸೋಜಿಗವೆನಿಸಿತ್ತು. ಉಣ್ಣೆಯ ಹೆಣಿಗೆಯಲ್ಲಿ ಕಡ್ಡಿಯ ದಪ್ಪವೇ ಕುಣಿಕೆಯ ಅಳತೆಯನ್ನು ನಿರ್ಧರಿಸುತ್ತದೆ. ದಪ್ಪ ಕಡ್ಡಿಯಲ್ಲಿ ಹೆಣೆದ ಸ್ವೆಟರು ಸಡಿಲ, ಸಪೂರ ಕಡ್ಡಿಯದು ಬಿಗಿ. ರಬ್ಬರಿಗೆ ಆ ಅಧೀನತೆಯಿಲ್ಲ. ಎಷ್ಟೇ ಅಗಲಕ್ಕೆ ಎಳೆದು ಹಾಕಿದರೂ ಗೂಟದಿಂದ ಬಿಡುಗಡೆಯಾದ ಕೂಡಲೇ ಅದು ತನ್ನ ಅಳತೆಗೆ ಮರಳುವುದರಿಂದ ಪಟ್ಟಿಯ ರೂಪವನ್ನು ಬ್ಯಾಂಡಿನ ಗಾತ್ರ ತೀರ್ಮಾನಿಸುತ್ತದೆ, ಗೂಟಗಳ ಅಂತರವಲ್ಲ. ಯಾವ ಮನೆಯ ಯಾವ ಸಾಮಾನಾದರೂ ಈ ಕೆಲಸಕ್ಕೆ ನಡೆಯುವುದು ಇದೇ ಕಾರಣದಿಂದ.

ರಬ್ಬರಿನ ಈ ಗುಣಕ್ಕೆ ವಲ್ಕನೀಕರಣವೇ ಆಧಾರ. ಮರದ ಹಾಲಿನಿಂದ ಬಂದ ಹಸಿ ರಬ್ಬರು ಸೆಕೆಗೆ ಅಂಟಂಟಾಗಿಯೂ ಚಳಿಗೆ ಪೆಡಸಾಗಿಯೂ ಇರುತ್ತದೆ. ಅದನ್ನು ಗಂಧಕದೊಡನೆ ಬಿಸಿ ಮಾಡಿದರೆ ಅದರೊಳಗಿನ ಉದ್ದನೆಯ ಅಣುಸರಪಳಿಗಳ ನಡುವೆ ಅಲ್ಲಲ್ಲಿ ಅಡ್ಡ ಕೊಂಡಿಗಳು ಬಿದ್ದು, ಎಳೆದಾಗ ಹಿಗ್ಗಿ ಬಿಟ್ಟಾಗ ಮರಳುವ ವಸ್ತುವಾಗುತ್ತದೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ಈ ಕ್ರಿಯೆಯ ಬೆನ್ನಲ್ಲೇ, 1845ರಲ್ಲಿ, ಸ್ಟೀಫನ್ ಪೆರಿ ಎಂಬವರು ಕಾಗದಗಳನ್ನು ಕಟ್ಟಿಡುವ ರಬ್ಬರ್ ಬ್ಯಾಂಡಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು. ಎಳೆದ ರಬ್ಬರು ಬಿಸಿಯಾಗುತ್ತದೆಂಬುದನ್ನು ಅದಕ್ಕಿಂತ ಬಹಳ ಮೊದಲೇ, 1805ರಲ್ಲಿ, ಕುರುಡರಾಗಿದ್ದ ಜಾನ್ ಗಾಫ್ ಎಂಬ ಇಂಗ್ಲಿಷ್ ವಿದ್ವಾಂಸರು ಅದನ್ನು ತುಟಿಗೆ ತಾಗಿಸಿಕೊಂಡು ಗುರುತಿಸಿದ್ದರು. ಜಗುಲಿಯ ಮಕ್ಕಳಿಗೂ ಆ ಪರೀಕ್ಷೆಯನ್ನು ಮಾಡಿಸಲಾಯಿತು: ಸ್ವಲ್ಪ ಅಗಲವಾದ ಬ್ಯಾಂಡನ್ನು ಥಟ್ಟನೆ ಎಳೆದು ಮೇಲ್ತುಟಿಗೆ ಮುಟ್ಟಿಸಿದರೆ ಬೆಚ್ಚಗೆ, ಎಳೆದೇ ಹಿಡಿದಿದ್ದು ಆಮೇಲೆ ಸಡಿಲಿಸಿ ಮುಟ್ಟಿಸಿದರೆ ತಣ್ಣಗೆ. ಒಬ್ಬನ ಕೈಯಿಂದ ಬ್ಯಾಂಡು ಜಾರಿ ಮೂಗಿಗೆ ಬಡಿದದ್ದರಿಂದ ವಿಜ್ಞಾನದ ಆ ಪಾಠ ಬೇಗನೆ ಮುಗಿಯಿತು.

ಲೇಖಕಿಯ ತಲೆಮಾರಿಗೆ ರಬ್ಬರ್ ಬ್ಯಾಂಡು ಕೊಳ್ಳುವ ವಸ್ತುವಾಗಿರಲಿಲ್ಲ. ಬೇರೇನನ್ನೋ ಕೊಂಡಾಗ ಅದರೊಡನೆ ಮನೆಗೆ ಬರುತ್ತಿದ್ದ ವಸ್ತುವಾಗಿತ್ತು. ಔಷಧಿಯ ಪೊಟ್ಟಣ, ಸಿಹಿತಿಂಡಿಯ ಡಬ್ಬಿ, ಊದುಬತ್ತಿಯ ಕಟ್ಟು, ಅಡಿಕೆ ಮಂಡಿಯಿಂದ ಅಪ್ಪ ತಂದ ನೋಟಿನ ಕಂತೆ, ಹೀಗೆ ಯಾವುದರ ಮೇಲಿದ್ದ ಬ್ಯಾಂಡನ್ನೂ ಎಸೆಯದೆ ಅಡುಗೆಮನೆಯ ನಲ್ಲಿಯ ಕುತ್ತಿಗೆಗೋ ಬಾಗಿಲ ಹಿಂದಿನ ಮೊಳೆಗೋ ಹಾಕಿಡುತ್ತಿದ್ದರು. ಬಿಗಿ ಹೆಚ್ಚು ಬೇಕಾದಲ್ಲಿ ಹಳೆಯ ಸೈಕಲ್ ಟ್ಯೂಬನ್ನು ಉಂಗುರಗಳಾಗಿ ಕತ್ತರಿಸಿಕೊಳ್ಳುತ್ತಿದ್ದರು. ಬೆಲ್ಲದ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಿಗೆ, ಮುರಿದ ಕೊಡೆ, ಹುಡುಗರ ಕ್ಯಾಟರ್‌ಬಿಲ್ಲು, ಎಲ್ಲಕ್ಕೂ ಅದೇ. ಹೆಣ್ಣುಮಕ್ಕಳು ಆ ನಲ್ಲಿಯ ಸಂಗ್ರಹದಿಂದ ಒಂದೊಂದಾಗಿ ಕದ್ದು, ಒಂದರೊಳಗೊಂದು ಕುಣಿಕೆ ಹಾಕಿ ಉದ್ದದ ಹಗ್ಗ ಮಾಡಿ, ಇಬ್ಬರು ಎರಡು ತುದಿ ಹಿಡಿದು ಮೊದಲು ಹಿಮ್ಮಡಿಯ ಎತ್ತರಕ್ಕೆ, ಆಮೇಲೆ ಮೊಣಕಾಲಿಗೆ, ಸೊಂಟಕ್ಕೆ, ಹೆಗಲಿಗೆ ಏರಿಸುತ್ತ ಹೋದಂತೆ ಉಳಿದವರು ಜಿಗಿಯುವ ಆಟ ಆಡುತ್ತಿದ್ದರು. ಮಲೇಷ್ಯಾದ ಮಕ್ಕಳ ಆಟವೂ ಬಹುಮಟ್ಟಿಗೆ ಇದೇ. ಆಟ ಮುಗಿದ ಮೇಲೆ ಹಗ್ಗವನ್ನು ಬಿಚ್ಚಿ ಬ್ಯಾಂಡ್‌ಗಳನ್ನು ನಲ್ಲಿಗೆ ಮರಳಿಸದಿದ್ದರೆ ಬೈಗುಳ ತಪ್ಪುತ್ತಿರಲಿಲ್ಲ.

2014ರಲ್ಲಿ ಮುಖ್ಯವಾಗಿ ಬದಲಾದದ್ದು ಬ್ಯಾಂಡನ್ನು ಎತ್ತಿಡುವ ಈ ಅಭ್ಯಾಸ. ಬಂದ ಹುಡುಗಿಯ ಚೀಲಗಳು ಕೆಲವೇ ದಿನಗಳಲ್ಲಿ ಬರಿದಾದಾಗ ಮಕ್ಕಳು ಮೊದಲು ನಲ್ಲಿಯ ಬ್ಯಾಂಡ್‌ಗಳಿಗೆ ಕೈ ಹಾಕಿದರು. ಅವು ಗಾತ್ರದಲ್ಲಿ ದೊಡ್ಡವಾದ್ದರಿಂದ ಎರಡು ಸುತ್ತು ಹಾಕಿ ಬಳಸಬೇಕಾಯಿತು, ಪಟ್ಟಿ ಹಗ್ಗದಷ್ಟು ದಪ್ಪವಾಯಿತು. ಬಳಿಕ ಪೇಟೆಯಿಂದ ನೈಲಾನ್ ರಬ್ಬರ್ ಬ್ಯಾಂಡುಗಳೆಂದು ಕರೆಯುವ, ಗುಲಾಬಿ, ಹಸಿರು, ಹಳದಿ ಬಣ್ಣಗಳ, ತೂಕದ ಲೆಕ್ಕದಲ್ಲಿ ಮಾರುವ ಕೃತಕ ಬ್ಯಾಂಡ್‌ಗಳು ಬಂದವು. ಫ್ಯಾನ್ಸಿ ಸ್ಟೋರಿನಲ್ಲಿ ಅಸಲಿಯಲ್ಲದ ಲೂಮ್ ಬ್ಯಾಂಡ್‌ಗಳ ಪೊಟ್ಟಣಗಳೂ ತೂಗಾಡತೊಡಗಿದವು. ಬ್ಯಾಂಡು ಪೊಟ್ಟಣದ ಲೆಕ್ಕದಲ್ಲಿ ಸಿಗತೊಡಗಿದ ಕೂಡಲೇ ಅದನ್ನು ಎತ್ತಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಗುಡಿಸಿದಲ್ಲೆಲ್ಲ ಬ್ಯಾಂಡುಗಳು, ಕೊಟ್ಟಿಗೆಯ ದಾರಿಯಲ್ಲೂ ಬ್ಯಾಂಡುಗಳು. ದನದ ಹೊಟ್ಟೆಗೆ ಹೋದರೇನು ಗತಿಯೆಂದು ಹಿರಿಯರು ಆತಂಕಪಟ್ಟದ್ದು ಅತಿಶಯವೇನಲ್ಲ. ಆಟಿಕೆಯು ಮಕ್ಕಳನ್ನು ಪರದೆಗಳಿಂದ ಬಿಡಿಸಿ ಕೈಕೆಲಸಕ್ಕೆ ತಂದಿತೆಂಬ ಹೊಗಳಿಕೆ ಆಗ ಎಲ್ಲೆಡೆ ಕೇಳಿಬರುತ್ತಿತ್ತು, ಅದರಲ್ಲಿ ಸತ್ಯವೂ ಇತ್ತು. ಆದರೆ ಆ ಹೊಗಳಿಕೆಯವರು ಪೊರಕೆ ಹಿಡಿದವರಾಗಿದ್ದಂತೆ ಕಾಣುವುದಿಲ್ಲ. ನ್ಯೂಯಾರ್ಕಿನ ಕೆಲವು ಶಾಲೆಗಳು ಪಾಠಕ್ಕೆ ಅಡ್ಡಿಯೆಂದು 2013ರಲ್ಲೇ ಇವನ್ನು ನಿಷೇಧಿಸಿದ್ದವು. ಮರುವರ್ಷ ಬ್ರಿಟನ್ನಿನಲ್ಲಿ, ಪಟ್ಟಿಗೆ ತೂಗುಹಾಕುವ ಅಗ್ಗದ ಪದಕಗಳಲ್ಲಿ ಥ್ಯಾಲೇಟುಗಳು, ಎಂದರೆ ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ರಾಸಾಯನಿಕಗಳು, ಮಿತಿಮೀರಿ ಇವೆಯೆಂದು ಪರೀಕ್ಷೆಯಲ್ಲಿ ತಿಳಿದು ಕೆಲವು ಅಂಗಡಿಗಳು ಅವನ್ನು ಹಿಂದೆಗೆದವು. ಐರೋಪ್ಯ ಒಕ್ಕೂಟದಲ್ಲಿ ಮಕ್ಕಳ ಆಟಿಕೆಗಳಿಗೆ ಆ ಮಿತಿ ಶೇಕಡಾ 0.1. ಅಗ್ಗದ ಪೊಟ್ಟಣಗಳ ಪದಕಗಳನ್ನು ಅಜ್ಜಿಯ ಮನೆಯಲ್ಲಿ ಬೇರೆ ಕಾರಣಕ್ಕಾಗಿ, ನೋಡಲು ಚೆನ್ನಾಗಿಲ್ಲವೆಂದು, ಮೊದಲೇ ತಿಪ್ಪೆಗೆ ಎಸೆಯಲಾಗಿತ್ತು.

ಪಟ್ಟಿಯ ಎರಡು ತುದಿಗಳನ್ನು ಕೂಡಿಸಲು ಪೊಟ್ಟಣದಲ್ಲಿ ಬರುವ ಪ್ಲಾಸ್ಟಿಕ್ ಕೊಂಡಿಗಳು ಎಲ್ಲಕ್ಕಿಂತ ಮೊದಲು ಮುಗಿದವು, ಪಟ್ಟಿ ಮಾಡುವವರಿಗೆ ಅದರ ರಚನೆ ನಿಜವಾಗಿ ಅರ್ಥವಾದದ್ದು ಆಮೇಲೆಯೇ. ಇದರಲ್ಲಿ ಒಂದೂ ಗಂಟಿಲ್ಲ. ಪ್ರತಿ ಕುಣಿಕೆಯೂ ಮುಂದಿನ ಕುಣಿಕೆಯ ಹಿಡಿತದಲ್ಲಿದ್ದು, ಕಟ್ಟಕಡೆಯದನ್ನು ಯಾವುದೂ ಹಿಡಿಯದಿದ್ದರೆ ಅಲ್ಲಿಂದ ಹಿಂದಕ್ಕೆ ಇಡೀ ಪಟ್ಟಿ ಸರಸರನೆ ಬಿಚ್ಚಿಕೊಳ್ಳುತ್ತದೆ. ಬಾಳೆನಾರಿನಲ್ಲಿ ಹೂ ಕಟ್ಟಿ ಪಳಗಿದ ಅಜ್ಜಿಗೆ ಇದು ಸರಿಬರಲಿಲ್ಲ. "ಇದೆಂಥ ಕಟ್ಟೋದೇ, ಒಂದು ಬಿಟ್ಟರೆ ಎಲ್ಲಾ ಹೋಗ್ತದಲ್ಲ," ಎಂದು ಅವರು ಹೇಳಿದ್ದಕ್ಕೆ ಮೊಮ್ಮಗಳು, "ಅದಕ್ಕೇ ಅಜ್ಜಿ, ಬಿಚ್ಚಿ ಬೇರೆ ಮಾಡ್ಬಹುದು," ಎಂದಳು. ಹೂವಿನ ಮಾಲೆಯಲ್ಲಿ ಒಂದೊಂದು ಜೊತೆ ಹೂವಿಗೂ ಒಂದೊಂದು ಗಂಟಿದ್ದು ಎಲ್ಲಿ ಕತ್ತರಿಸಿದರೂ ಉಳಿದದ್ದು ಉಳಿಯುತ್ತದೆ, ಬಿಚ್ಚಿ ನಾರನ್ನು ಮತ್ತೆ ಬಳಸಲು ಮಾತ್ರ ಬಾರದು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಕೊಂಡಿಯಿಲ್ಲದೆ ಮುಗಿಸುವ ಬಗೆಯನ್ನು ಕೊನೆಗೆ ಅಜ್ಜಿಯೇ ಹೇಳಿಕೊಟ್ಟರು: ಕೊನೆಯ ಕುಣಿಕೆಗಳೊಳಗೆ ಮತ್ತೊಂದು ಬ್ಯಾಂಡನ್ನು ತೂರಿಸಿ, ಅದರ ಒಂದು ತುದಿಯನ್ನು ಇನ್ನೊಂದು ತುದಿಯೊಳಗಿಂದ ಹಾಯಿಸಿ ಜಗ್ಗಿದರೆ ಜೀರುಗುಣಿಕೆ ಬಿಗಿಯುತ್ತದೆ, ಉಳಿದ ತುದಿಯನ್ನು ಪಟ್ಟಿಯ ಆರಂಭದ ಬ್ಯಾಂಡಿಗೆ ದಾರದಿಂದ ಕಟ್ಟಿದರಾಯಿತು. ಕರುವಿನ ಹಗ್ಗಕ್ಕೆ ಅವರು ದಿನವೂ ಹಾಕುತ್ತಿದ್ದುದು ಅದೇ ಕುಣಿಕೆ.

ಆ ವರ್ಷದ ದಸರೆಯ ಹೊತ್ತಿಗೆ ಗೀಳು ಇಳಿದಿತ್ತು, ಅಮೆರಿಕ ಬ್ರಿಟನ್ನುಗಳಲ್ಲೂ ಅದು ಹೆಚ್ಚು ಕಾಲ ಬಾಳಲಿಲ್ಲ. ಲೂಮನ್ನು ಹುಡುಗಿ ಇಲ್ಲಿಯೇ ಬಿಟ್ಟುಹೋದಳು, ಅದರ ಒಂದು ಸಾಲು ಗೂಟಗಳು ಈಗ ಯಾರದೋ ಮೊಬೈಲು ನಿಲ್ಲಿಸುವ ಸ್ಟ್ಯಾಂಡಾಗಿವೆ. ಪಟ್ಟಿಗಳಲ್ಲಿ ನಲ್ಲಿಯ ಬ್ಯಾಂಡ್‌ಗಳಿಂದ ಮಾಡಿದವು, ಎಳೆದ ಸ್ಥಿತಿಯಲ್ಲಿರುವ ನೈಸರ್ಗಿಕ ರಬ್ಬರನ್ನು ಗಾಳಿಯಲ್ಲಿನ ಓಜೋನ್ ಅನಿಲ ಸೀಳುವುದರಿಂದ, ಎರಡು ಮಳೆಗಾಲ ಕಳೆಯುವುದರೊಳಗೆ ಬಿರುಕುಬಿಟ್ಟು ತುಂಡಾದವು. ಕೃತಕ ಬ್ಯಾಂಡಿನವು ಹಾಗೆಯೇ ಇವೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಫೋರ್ಕಿನ ಮೇಲೆ ಮಾಡುತ್ತಿದ್ದ ಹುಡುಗಿ ಮಾತ್ರ ಎತ್ತಲು ಎರವಲು ಪಡೆದಿದ್ದ ಕ್ರೋಶಾ ಕಡ್ಡಿಯನ್ನು ಅಜ್ಜಿಗೆ ಹಿಂದಿರುಗಿಸಲಿಲ್ಲ. ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆಯುವ ಕ್ರೋಶಾದ ಸರಪಳಿ ಹೊಲಿಗೆಯು ಅವಳಿಗೆ ಹೇಳಿಕೊಡದೆಯೇ ತಿಳಿದುದರಿಂದ, ಮುಂದಿನ ಬೇಸಿಗೆಯಲ್ಲಿ ಅವಳು ದೇವರ ಮನೆಯ ಬಾಗಿಲಿಗೆ ಲೇಸಿನ ತೋರಣ ಹಾಕಿದಳು. ದಾರಕ್ಕೆ ರಬ್ಬರಿನಂತೆ ತಾನಾಗಿ ಬಿಗಿಯುವ ಗುಣವಿಲ್ಲದ್ದರಿಂದ ಅದರ ಮೊದಲ ಒಂದು ಗೇಣು ಸಡಿಲವಾಗಿದೆ, ಆಮೇಲಿನದು ಸಮವಾಗಿ ಬಂದಿದೆ.